ಸರಪಳಿ ಬಿಗಿದರೆ ಕೆಲಸ ಮುಗಿಯಲಿಲ್ಲ

ಮಲೆನಾಡಿನ ಘಾಟಿಯಲ್ಲಿ ನಾಟಾ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಗೊತ್ತು, ಪ್ರತಿ ತಿರುವಿನಲ್ಲೂ ಕಣ್ಣು ಹೋಗುವುದು ದಿಮ್ಮಿಗಳಿಗೆ ಬಿಗಿದ ಸರಪಳಿಯ ಕಡೆಗೇ. ಇಂಥ ದಿಮ್ಮಿಗಳನ್ನು ಹಡಗಿನ ಒಡಲಲ್ಲಷ್ಟೇ ಅಲ್ಲ, ಡೆಕ್ ಮೇಲೂ ಪೇರಿಸಿ ಸಾಗಿಸುತ್ತಾರೆ. ನಮ್ಮ ನವಮಂಗಳೂರು ಬಂದರಿಗೂ ವಿದೇಶಿ ದಿಮ್ಮಿಗಳು ಬರುತ್ತವೆ. ಬಿ.ಇ. ಓದುತ್ತಿರುವ ನಮ್ಮಂಥವರು ಈ ಸರಕಿನಿಂದ ಕಲಿಯಬೇಕಾದ ಪಾಠವೊಂದಿದೆ.

ನಮ್ಮ ಪರೀಕ್ಷೆಯ ಲೆಕ್ಕದಲ್ಲಿ ಭಾರ ಕೊಟ್ಟಷ್ಟೇ ಇರುತ್ತದೆ. ಉತ್ತರ ಬಂದರೆ ಲೆಕ್ಕ ಮುಗಿಯಿತು. ಡೆಕ್ ಮೇಲಿನ ಮರ ಹಾಗಲ್ಲ. ಮಳೆ, ಅಲೆಗಳ ನೀರು ಹೀರಿ ಅದರ ತೂಕ ಹೆಚ್ಚುತ್ತದೆ. ಸ್ಥಿರತೆಯ ಲೆಕ್ಕದಲ್ಲಿ ಇದಕ್ಕೆಂದೇ ಶೇ 10ರಷ್ಟು ಸೇರಿಸುವ ಕ್ರಮವಿದೆ. ಅತ್ತ ತಳದ ಟ್ಯಾಂಕಿನ ಇಂಧನ ದಿನದಿನಕ್ಕೂ ಕರಗುತ್ತದೆ. ಗುರುತ್ವ ಕೇಂದ್ರ ಮೇಲೇರಿ, ವಾಲಿದ ಹಡಗು ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಹಾಗೆಂದು ಸ್ಥಿರತೆ ಅತಿಯಾದರೂ ಕಷ್ಟವೇ. ಆಗ ಹಡಗು ರಭಸದಿಂದ ಹೊಯ್ದಾಡಿ ಕಟ್ಟುಗಳನ್ನು ಜಗ್ಗುತ್ತದೆ. ಅಲುಗಾಟಕ್ಕೆ ಮರದ ರಾಶಿ ಕೂರುತ್ತ ಹೋದಂತೆ, ಬಂದರಿನಲ್ಲಿ ಬಿಗಿಯಾಗಿದ್ದ ಸರಪಳಿಯೂ ಸಡಿಲವಾಗುತ್ತದೆ.

ಹಾಗಾಗಿಯೇ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ 2011ರ ಸಂಹಿತೆ, ಪ್ರಯಾಣದುದ್ದಕ್ಕೂ ಕಟ್ಟುಗಳನ್ನು ಪರೀಕ್ಷಿಸಿ ಬಿಗಿಗೊಳಿಸಬೇಕು, ಅದನ್ನು ಲಾಗ್ ಪುಸ್ತಕದಲ್ಲಿ ಬರೆದಿಡಬೇಕು ಎನ್ನುತ್ತದೆ. ಮರದ ಸರಕು ಜಾರಿದರೆ ಏನಾಗುತ್ತದೆಂಬುದಕ್ಕೆ 'ಐಸ್ ಪ್ರಿನ್ಸ್' ಉದಾಹರಣೆ. 2008ರ ಜನವರಿಯಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಬಿರುಗಾಳಿಗೆ ಸಿಕ್ಕಿದ ಆ ಹಡಗು ಸರಕು ಜಾರಿ ವಾಲಿತು, ಕೊನೆಗೆ ಮುಳುಗಿತು. ಅದರಲ್ಲಿದ್ದ 20 ಮಂದಿಯೂ ಬದುಕಿದ್ದು ಪುಣ್ಯ. ಹಲಗೆಗಳು ವರ್ದಿಂಗ್ ಕಡಲತೀರದಲ್ಲಿ ರಾಶಿ ಬಿದ್ದವು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದೇ ಇಲ್ಲ. ಮುಚ್ಚಿದ ಹೋಲ್ಡ್‌ನೊಳಗಿನ ದಿಮ್ಮಿಗಳು ಗಾಳಿಯ ಆಮ್ಲಜನಕವನ್ನು ಕಡಿಮೆ ಮಾಡುತ್ತವೆ. ಗಾಳಿಯಾಡಿಸದೆ, ಆಮ್ಲಜನಕ ಅಳೆಯದೆ ಕಾರ್ಮಿಕ ಒಳಗಿಳಿದರೆ ಕುಸಿಯಬಹುದು. ಅವನನ್ನು ಎತ್ತಲು ಧಾವಿಸಿದವನೂ ಬೀಳುತ್ತಾನೆ. ನಮ್ಮೂರುಗಳ ಹಾಳುಬಾವಿ, ಮ್ಯಾನ್‌ಹೋಲ್‌ಗಳಲ್ಲಿ ನಡೆಯುವುದೂ ಇಂಥದ್ದೇ ಅಲ್ಲವೇ?

'ನಾವೇನು ಹಡಗಿನ ಕೆಲಸಕ್ಕೆ ಹೋಗುತ್ತೇವೆಯೇ?' ಎಂದು ಗೆಳೆಯರು ಕೇಳಬಹುದು. ಹೋಗದಿರಬಹುದು. ಆದರೆ ಕ್ರೇನ್, ಸಾರುವೆ, ಬಾಯ್ಲರ್, ಸೇತುವೆ ಯಾವುದೂ ಮೊದಲ ದಿನ ಇದ್ದಂತೆ ಉಳಿಯುವುದಿಲ್ಲ. 'ನಿನ್ನೆ ನೋಡಿದ್ದೆವಲ್ಲ, ಹೊರಡಿ, ತಡವಾಗುತ್ತಿದೆ' ಎಂಬ ಮಾತು ಎಲ್ಲ ಕೆಲಸದ ಜಾಗದಲ್ಲೂ ಕೇಳಿಬರುತ್ತದೆ. ಆಗ 'ಇನ್ನೊಮ್ಮೆ ನೋಡೋಣ' ಎನ್ನುವ ಧೈರ್ಯ ಅಂಕಪಟ್ಟಿಯಿಂದ ಬರುವುದಿಲ್ಲ, ಅಭ್ಯಾಸದಿಂದ ಬರಬೇಕು.

ಅದಕ್ಕೆ ನನ್ನದೊಂದು ಸಲಹೆ. ಪ್ರತಿ ಲ್ಯಾಬ್ ವೈವಾದಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಕೇಳಲಿ: 'ನಿಮ್ಮ ಉತ್ತರ ಇಂದು ಸರಿ, ಹತ್ತು ದಿನದ ನಂತರ ಇದರಲ್ಲಿ ಏನು ಬದಲಾಗಿರುತ್ತದೆ? ಅದನ್ನು ಯಾರು ನೋಡುತ್ತಾರೆ?' ಇದಕ್ಕೆ ಉತ್ತರಿಸಬಲ್ಲವರ ಕೈಗೆ ಇನ್ನೊಬ್ಬರ ಜೀವವನ್ನು ನಂಬಿ ಒಪ್ಪಿಸಬಹುದು.