ಹೊಳೆಯ ಲೆಕ್ಕ

ಬಾಂದ್ರಾ ರೆಕ್ಲಮೇಶನ್ ಎಂಬ ಹೆಸರನ್ನು ನಮ್ಮ ವಿದ್ಯಾರ್ಥಿಮಿತ್ರರು ಬಸ್ಸಿನ ಫಲಕದ ಮೇಲೆ ಓದಿಯೇ ಇರುತ್ತಾರೆ. ರೇತಿ ಬಂದರ್ ಎಂಬ ಹೆಸರೂ ಅಪರಿಚಿತವಲ್ಲ. ಮಾಹಿಮಿನಲ್ಲಿ ಒಂದುಂಟು, ಮುಂಬ್ರಾದಲ್ಲಿ ಇನ್ನೊಂದುಂಟು. ಮೊದಲನೆಯ ಹೆಸರು ನೀರಿದ್ದಲ್ಲಿ ಮಣ್ಣು ತುಂಬಿ ನೆಲ ಮಾಡಿದ್ದನ್ನು ಹೇಳುತ್ತದೆ. ಎರಡನೆಯದು ನೀರಿನೊಳಗಿನ ಮರಳನ್ನು ತೆಗೆದು ದಡಕ್ಕಿಳಿಸಿದ್ದನ್ನು ಹೇಳುತ್ತದೆ. ತುಂಬುವುದು ಮತ್ತು ತೆಗೆಯುವುದು, ಈ ಎರಡು ಕಾರ್ಯಗಳ ಬಲದಿಂದಲೇ ಮುಂಬಯಿ ಬೆಳೆಯಿತು. ಆದರೆ ಇವೆರಡನ್ನೂ ನಾವು ಬೇರೆ ಬೇರೆ ವಿಷಯಗಳೆಂದು ಎಣಿಸುತ್ತ ಬಂದಿದ್ದೇವೆ. ಒಂದೇ ಲೆಕ್ಕದ ಪುಸ್ತಕದಲ್ಲಿ ಎರಡನ್ನೂ ಬರೆದಿಡದ ಹೊರತು ಹೊಳೆಗಾಗಲಿ ಊರಿಗಾಗಲಿ ಕ್ಷೇಮವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಕರಾವಳಿಯವರು ಹೊಯಿಗೆ ಎನ್ನುತ್ತಾರೆ. ಧಾರವಾಡದ ಕಡೆಯವರು ಉಸುಕು ಎನ್ನುತ್ತಾರೆ. ಮೈಸೂರಿನ ಕಡೆ ಮರಳು ಎನ್ನುತ್ತಾರೆ. ಹೆಸರು ಯಾವುದಾದರೇನು, ವಸ್ತುವೊಂದೇ. ಬೆಟ್ಟದ ಬಂಡೆ ಬಿಸಿಲಿಗೆ ಬಿರಿದು, ಮಳೆಗೆ ಸವೆದು, ಹೊಳೆಯ ಪ್ರವಾಹದಲ್ಲಿ ಉರುಳಿ ಹರಳುಕಲ್ಲಾಗಿ, ಕಡೆಗೆ ಮರಳಾಗುತ್ತದೆ. ಇದಕ್ಕೆ ಹಿಡಿಯುವ ಕಾಲ ದೀರ್ಘವಾದದ್ದು. ಲಾರಿಗೆ ತುಂಬಲು ಹಿಡಿಯುವ ಹೊತ್ತು ಅತ್ಯಲ್ಪ. ಪ್ರತಿ ಮಳೆಗಾಲದಲ್ಲಿ ಹೊಳೆ ತಂದು ಹಾಕುವಷ್ಟನ್ನೇ ತೆಗೆದರೆ ಹಾನಿಯಿಲ್ಲ. ಅದಕ್ಕಿಂತ ಹೆಚ್ಚಾಗಿ ತೆಗೆದಾಗ ಹೊಳೆಯ ತಳ ತಗ್ಗುತ್ತದೆ. ತಳ ತಗ್ಗಿದಂತೆ ದಡದ ಬಾವಿಗಳ ನೀರು ಕೆಳಗಿಳಿಯುತ್ತದೆ, ದಂಡೆ ಕುಸಿಯುತ್ತದೆ, ಸೇತುವೆಯ ಕಂಬಗಳ ಬುಡ ಬಯಲಾಗುತ್ತದೆ. ವಿರಾರದ ಆಚೆ ವೈತರಣಾ ಹೊಳೆಯ ರೈಲುಸೇತುವೆಗೆ ಮರಳುಗಾರಿಕೆಯಿಂದ ಅಪಾಯವಿದೆಯೆಂದು ರೈಲ್ವೆಯವರು ಹಲವು ಸಲ ಎಚ್ಚರಿಸಿದ್ದಾರೆ. ಆ ಸೇತುವೆಯ ಮೇಲೆ ದಿನವೂ ಸಹಸ್ರಾರು ಜನ ಸಂಚರಿಸುತ್ತಾರೆ.

ತುಂಬುವ ಕಾರ್ಯದ ಫಲವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ವಿಹಾರ ಮತ್ತು ಪವಯಿ ಕೆರೆಗಳ ಕೋಡಿಯ ನೀರಿನಿಂದ ಹುಟ್ಟುವ ಮಿಠಿ ನದಿ ಸುಮಾರು 18 ಕಿಲೋಮೀಟರು ಹರಿದು ಮಾಹಿಮ್ ಖಾರಿಯನ್ನು ಸೇರುತ್ತದೆ. ಈ ಹಾದಿಯಲ್ಲಿ ವಿಮಾನ ನಿಲ್ದಾಣಕ್ಕಾಗಿ ಅದನ್ನು ತಿರುಗಿಸಿದರು. 1970ರ ದಶಕದ ಕೊನೆಯಿಂದ ಅದರ ಮುಖದ ಜೌಗುನೆಲವನ್ನು ತುಂಬಿಸಿ ಬಾಂದ್ರಾ-ಕುರ್ಲಾ ಸಂಕೀರ್ಣವನ್ನು ಕಟ್ಟಿದರು. ಉಳಿದೆಡೆ ಮನೆ, ಕಾರ್ಖಾನೆ, ಗೋದಾಮುಗಳು ದಂಡೆಯನ್ನೊತ್ತಿಕೊಂಡು ಎದ್ದವು. ಕೆಡವಿದ ಕಟ್ಟಡಗಳ ಇಟ್ಟಿಗೆಚೂರು, ಗಾರೆಯ ಹೆಂಟೆಗಳು ನೀರಿಗೇ ಬಿದ್ದವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಅಷ್ಟು ಮಳೆಯನ್ನು ಯಾವ ಹೊಳೆಯೂ ಸುಲಭವಾಗಿ ತಾಳಲಾರದು, ನಿಜ. ಸಮುದ್ರದ ಉಬ್ಬರವೂ ಅಂದು ಕೂಡಿ ಬಂದಿತ್ತು. ಆದರೂ ಹರಡಿಕೊಳ್ಳಲು ಮೊದಲಿನ ಜಾಗವಿದ್ದಿದ್ದರೆ ನೀರು ಕುರ್ಲಾ, ಕಲೀನಾಗಳ ಮನೆಗಳೊಳಗೆ ಅಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ. ನಾವು ಹೊಳೆಯಿಂದ ಪಡೆದ ನೆಲವನ್ನು ಅದು ಅಂದು ಒಂದು ರಾತ್ರಿಯ ಮಟ್ಟಿಗೆ ಹಿಂದಕ್ಕೆ ಕೇಳಿತು.

ಹಾಗಾದರೆ ಮರಳು ತೆಗೆಯುವುದನ್ನು ಸಂಪೂರ್ಣವಾಗಿ ನಿಲ್ಲಿಸಿಬಿಡಬೇಕೆ? ನಾವು ಹಾಗೆ ಹೇಳುವವರಲ್ಲ. ಠಾಣೆಯ ಖಾರಿಗಳಲ್ಲಿ ನೀರಿಗೆ ಮುಳುಗಿ, ತಳದ ಮರಳನ್ನು ಬಕೆಟ್ಟಿನಲ್ಲಿ ತುಂಬಿ ದೋಣಿಗೆ ಹಾಕುವ 'ಡುಬಿ' ಎಂಬ ಪದ್ಧತಿ ಬಹುಕಾಲದಿಂದ ನಡೆದು ಬಂದಿತು. ಉಸಿರು ಕಟ್ಟಿ ದುಡಿಯುವ ಆ ಬಡವನಿಂದ ಹೊಳೆ ಸಾಯಲಿಲ್ಲ. ಹಗಲಿರುಳು ಹೀರುವ ಪಂಪು ಬಂದಾಗ ಅನರ್ಥ ಪ್ರಾರಂಭವಾಯಿತು. ಬರಿಯ ನಿಷೇಧದಿಂದ ಬಡವನ ಅನ್ನ ಹೋಗುತ್ತದೆಯೇ ಹೊರತು ಪಂಪು ಹೋಗುವುದಿಲ್ಲ. ಅದು ಕತ್ತಲಲ್ಲಿ ಕೆಲಸ ಮಾಡುತ್ತದೆ. ಆದುದರಿಂದ ಬೇಕಾದದ್ದು ಲೆಕ್ಕ.

ಲೆಕ್ಕದ ದಾರಿಯನ್ನು ಕಾನೂನು ಈಗಾಗಲೇ ತೋರಿಸಿದೆ. ಕೇರಳ ರಾಜ್ಯವು 2001ರ ಕಾಯಿದೆಯಲ್ಲಿ ಹೊಳೆಗಳ ಮರಳಿನ ಲೆಕ್ಕ ತಪಾಸಣೆಗೆ ಅವಕಾಶ ಮಾಡಿತು. 2012ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, 5 ಹೆಕ್ಟೇರಿಗಿಂತ ಚಿಕ್ಕದಾದ ಗುತ್ತಿಗೆಗೂ ಪರಿಸರದ ಅನುಮತಿ ಅವಶ್ಯವೆಂದು ಆಜ್ಞಾಪಿಸಿತು. ಕೇಂದ್ರ ಸರಕಾರದ 2016ರ ಮಾರ್ಗದರ್ಶಿಯು ಪ್ರತಿ ಜಿಲ್ಲೆಯೂ ಸಮೀಕ್ಷೆ ಮಾಡಿ, ಹೊಳೆ ಎಷ್ಟು ತುಂಬಿಕೊಡುತ್ತದೆಂದು ಅಳೆದು, ಅದಕ್ಕನುಗುಣವಾಗಿಯೇ ತೆಗೆಯಬೇಕೆಂದು ಹೇಳಿತು. ಆದರೆ ಇಲ್ಲೆಲ್ಲ ತೆಗೆಯುವವನ ಲೆಕ್ಕ ಮಾತ್ರ ಬಂತು. ತುಂಬುವವನ ಲೆಕ್ಕ ಇನ್ನೊಂದು ಕಚೇರಿಯ ಇನ್ನೊಂದು ಕಡತದಲ್ಲಿ ಉಳಿಯಿತು.

ಎರಡೂ ಕಡತಗಳನ್ನು ಒಟ್ಟಿಗೆ ಬಿಚ್ಚಿದರೆ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ. ಒಂದು ಹೊಳೆಯಿಂದ ಮರಳನ್ನು ಅಗೆದು ತಂದು ಕಟ್ಟಡ ಕಟ್ಟುತ್ತೇವೆ. ಕಟ್ಟಡ ಹಳೆಯದಾದಾಗ ಕೆಡವಿ, ಅದೇ ಮರಳಿನ ಕಾಂಕ್ರೀಟನ್ನು ಇನ್ನೊಂದು ಹೊಳೆಯ ದಂಡೆಗೆ ಸುರಿಯುತ್ತೇವೆ. ಹೀಗೆ ಒಂದು ಕಟ್ಟಡಕ್ಕೆ ಎರಡು ಹೊಳೆಗಳು ಬಲಿಯಾಗುತ್ತವೆ. ಕೆಡವಿದ ಕಾಂಕ್ರೀಟನ್ನು ಒಡೆದು, ಜರಡಿ ಹಿಡಿದು, ಒಂದು ಮಿತಿಯೊಳಗೆ ಮತ್ತೆ ಕಟ್ಟಡಕ್ಕೆ ಬಳಸಬಹುದೆಂದು ಭಾರತೀಯ ಮಾನಕವೇ 2016ರಲ್ಲಿ ಒಪ್ಪಿಕೊಂಡಿತು. ಬಂಡೆಯನ್ನು ಪುಡಿಮಾಡಿದ ಎಂ-ಸ್ಯಾಂಡನ್ನೂ ಒಪ್ಪಿಕೊಂಡಿತು. ಎಂ-ಸ್ಯಾಂಡಿಗೆ ಗುಡ್ಡ ಕರಗಬೇಕಾಗುತ್ತದೆ. ಕೆಡವಿದ ಕಾಂಕ್ರೀಟಿಗೆ ಏನೂ ಕರಗಬೇಕಾಗಿಲ್ಲ. ಆದ್ದರಿಂದ ಹೊಸ ಕಟ್ಟಡಕ್ಕೆ ಅನುಮತಿ ಕೊಡುವಾಗ ಎರಡು ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ ಕೇಳಬೇಕು: ಮರಳು ಎಲ್ಲಿಂದ ಬಂತು? ಹಳೆಯ ಕಟ್ಟಡ ಎಲ್ಲಿಗೆ ಹೋಯಿತು? ಉತ್ತರವಿಲ್ಲದವನಿಗೆ ಅನುಮತಿ ಸಲ್ಲದು.

ನೆಲವನ್ನು ಮರಳಿ ಪಡೆಯುವುದೆಂದರೆ ನೀರನ್ನು ಹೂಳುವುದೊಂದೇ ಅಲ್ಲವೆಂಬುದಕ್ಕೂ ಮಿಠಿಯ ದಂಡೆಯಲ್ಲಿಯೇ ನಿದರ್ಶನವಿದೆ. ಧಾರಾವಿಯ ಬದಿಯಲ್ಲಿ ಊರಿನ ಕಸ ಸುರಿಯುತ್ತಿದ್ದ ಜಾಗದಲ್ಲಿ ಗಿಡಮರಗಳನ್ನು ಬೆಳೆಸಿ ಮಹಾರಾಷ್ಟ್ರ ನಿಸರ್ಗೋದ್ಯಾನವನ್ನು ನಿರ್ಮಿಸಿದರು. 1994ರಲ್ಲಿ ಅದು ತೆರೆಯಿತು. ಕೆಟ್ಟ ನೆಲವನ್ನು ಒಳ್ಳೆಯದಾಗಿಸುವುದೂ ರೆಕ್ಲಮೇಶನ್ನೇ. ಅದರ ಉತ್ತಮ ಅರ್ಥವೂ ಅದೇ.

ನಮ್ಮ ನುಡಿಯಲ್ಲಿ ಮರಳು ಎಂಬ ಮಾತಿಗೆ ಉಸುಕು ಎಂದೂ, ಹಿಂದಿರುಗು ಎಂದೂ ಎರಡರ್ಥಗಳಿವೆ. ತೆಗೆದ ಮರಳು ಮರಳಿ ಬರುವಷ್ಟು ವ್ಯವಧಾನವನ್ನು ಹೊಳೆಗೆ ಕೊಡುವುದು ನಾಗರಿಕರ ಧರ್ಮ. ನಿಮ್ಮ ಓಣಿಯಲ್ಲಿ ಹಳೆಯ ಚಾಳನ್ನು ಕೆಡವುವಾಗ, ತುಂಬಿದ ಲಾರಿ ಎಲ್ಲಿಗೆ ಹೊರಟಿತೆಂದು ಹಿರಿಯರನ್ನು ಕೇಳಿರಿ. ಅವರಿಗೆ ತಿಳಿಯದಿದ್ದರೆ ನಗರಪಾಲಿಕೆಗೆ ಒಂದು ಪತ್ರ ಬರೆಯಿರಿ. ಪತ್ರಲೇಖನವನ್ನು ನಾವು ತರಗತಿಯಲ್ಲಿ ಕಲಿಸುವುದು ಪರೀಕ್ಷೆಯ ಅಂಕಗಳಿಗಾಗಿ ಮಾತ್ರವಲ್ಲ.