ಮದುವೆ ಊಟದ ಪಟ್ಟಿ: ಉದ್ದವಿದ್ದರೆ ಸಾಕೆ?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಮದುವೆ ಮನೆಯಲ್ಲಿ ಊಟವನ್ನು ಬಲ್ಲವನಾಗಿರಬೇಕಾದವನು ಉಣ್ಣುವವನಲ್ಲ, ಊಟದ ಪಟ್ಟಿ ಬರೆಯುವವನು. ಐದುನೂರು ಜನರ ಆರೋಗ್ಯ ಆ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಆದ್ದರಿಂದ ಈ ವಾರದ ಮಾತು ಅಡುಗೆ ಗುತ್ತಿಗೆ ಹಿಡಿಯುವವರಿಗೆ ಮತ್ತು ಅವರಿಗೆ ಮುಂಗಡ ಕೊಡುವ ಮನೆಯ ಹಿರಿಯರಿಗೆ.

ಅಮೀನಗಡ, ಹುನಗುಂದ, ಇಳಕಲ್ ಭಾಗದಲ್ಲಿ ಮದುವೆಗಳು ಹೆಚ್ಚಾಗಿ ನಡೆಯುವುದು ಬಿರುಬೇಸಿಗೆಯಲ್ಲಿ. ಕೆಲವು ವರ್ಷಗಳ ಹಿಂದೆ ಅಂಥದೊಂದು ಮದುವೆಗೆ ನಾನೂ ಹೋಗಿದ್ದೆ. ಪಟ್ಟಿಯಲ್ಲಿ ಇಪ್ಪತ್ತಮೂರು ಬಗೆ! ಖೋವಾದ ಸಿಹಿಯನ್ನು ಹಿಂದಿನ ರಾತ್ರಿಯೇ ಮಾಡಿಟ್ಟಿದ್ದರು. ಅನ್ನ ಬೆಳಿಗ್ಗೆಯೇ ಬೆಂದು ಬುಟ್ಟಿಗಳಲ್ಲಿ ಕೂತಿತ್ತು. ದಿಬ್ಬಣ ಬರುವುದು ತಡವಾಯಿತು, ಪಂಕ್ತಿ ಕೂರುವುದು ಮತ್ತೂ ತಡವಾಯಿತು. ಸಂಜೆಯ ಹೊತ್ತಿಗೆ ಮಕ್ಕಳು, ಮುದುಕರೆನ್ನದೆ ಹಲವರಿಗೆ ವಾಂತಿ ಭೇದಿ. ವಯಸ್ಸಾದ ಒಬ್ಬರಿಗೆ ರಾತ್ರಿಯೆಲ್ಲ ಸಲೈನ್ ಹಾಕಬೇಕಾಯಿತು. ಅಡುಗೆಯವನು ಕೆಟ್ಟವನೇನಲ್ಲ. ಇಪ್ಪತ್ತಮೂರು ಪಾತ್ರೆ ಕಾಯಲು ಅವನಿಗಿದ್ದದ್ದು ಎರಡೇ ಕಣ್ಣು. ತಪ್ಪು ಒಲೆಯ ಮುಂದೆ ಆಗಲಿಲ್ಲ, ತಿಂಗಳ ಮೊದಲೇ ಹಾಳೆಯ ಮೇಲೆ ಆಗಿತ್ತು.

ಏಕೆ ಹೀಗಾಗುತ್ತದೆ?

ಬೇಯಿಸಿದ ಪದಾರ್ಥ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಇದ್ದಷ್ಟು ಹೊತ್ತೂ ಅದರಲ್ಲಿ ರೋಗಾಣುಗಳು ಬೆಳೆಯಬಲ್ಲವು. ಅಡುಗೆಯವರ ಕೈ ಗಾಯದಿಂದಲೋ ಮೂಗಿನಿಂದಲೋ ಖೋವಾಕ್ಕೆ ಸೇರುವ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು ಅಲ್ಲಿ ವಿಷವನ್ನು ಹುಟ್ಟಿಸುತ್ತದೆ. ಮತ್ತೆ ಕಾಯಿಸಿದರೆ ರೋಗಾಣು ಸಾಯಬಹುದು, ವಿಷ ಮಾತ್ರ ಉಳಿಯುತ್ತದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬುದರ ಬೀಜಕಣಗಳು ಕುದಿಯನ್ನೂ ತಾಳಿಕೊಂಡು, ಅನ್ನ ಬೆಚ್ಚಗೆ ಕೂತಾಗ ಮೊಳೆಯುತ್ತವೆ. ಹೀಗೆ ಕೆಟ್ಟ ಅನ್ನಕ್ಕೆ ಹಳಸಿದ ವಾಸನೆ ಇರಲೇಬೇಕೆಂದಿಲ್ಲ. ಆದ್ದರಿಂದ ‘ಮೂಸಿ ನೋಡಿದೆ, ಚೆನ್ನಾಗಿದೆ’ ಎಂಬ ಪರೀಕ್ಷೆಯನ್ನು ನಂಬಬೇಡಿ.

ನಮ್ಮ ಹಿರಿಯರ ಪಟ್ಟಿ

ಈಗ ನಮ್ಮ ಭಾಗದ ಹಳೆಯ ಊಟವನ್ನು ನೆನಪು ಮಾಡಿಕೊಳ್ಳಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಹಪ್ಪಳ, ಸಂಡಿಗೆ, ಕೊನೆಗೆ ಒಂದು ತುಂಡು ಕರದಂಟು. ಇವೆಲ್ಲ ಒಣ ಪದಾರ್ಥಗಳು. ನೀರಿನಂಶ ಇಲ್ಲದ ಕಡೆ ರೋಗಾಣು ಬೆಳೆಯಲಾರದು. ವಾರದ ಮೊದಲೇ ಸಿದ್ಧಮಾಡಿ, ತೇವ ತಾಗದಂತೆ ಮುಚ್ಚಿಟ್ಟರೆ ಕೆಡುವ ಭಯವಿಲ್ಲ. ಅಂಟನ್ನು ತುಪ್ಪದಲ್ಲಿ ಕರಿದು, ಒಣ ಹಣ್ಣು, ಬೀಜಗಳೊಡನೆ ಬೆಲ್ಲದ ಪಾಕದಲ್ಲಿ ಕೂಡಿಸುವ ಕರದಂಟು ಅಮೀನಗಡದಿಂದ ಎಷ್ಟೋ ದೂರದ ಊರುಗಳಿಗೆ ಪ್ರಯಾಣ ಮಾಡುವುದೂ ಈ ಗುಣದಿಂದಲೇ. ಬಿಸಿಲ ನಾಡಿಗೆ ಬೇಕಾದ ಪಟ್ಟಿಯನ್ನು ನಮ್ಮ ಅಜ್ಜಿಯಂದಿರು ಥರ್ಮಾಮೀಟರ್ ಇಲ್ಲದೆ ಮಾಡಿಟ್ಟಿದ್ದಾರೆ.

ಇದರ ಮೇಲೆ ಆ ಹೊತ್ತಿಗೆ ಬೇಯಿಸಬೇಕಾದದ್ದು ಕೆಲವೇ: ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಅನ್ನ, ಸಾರು, ಗೋಧಿ ಹುಗ್ಗಿ. ಜೊತೆಗೆ ಮಜ್ಜಿಗೆ, ಮತ್ತು ಶುದ್ಧ ನೀರಿನಲ್ಲಿ ತೊಳೆದು ಬಡಿಸುವ ಹೊತ್ತಿಗೆ ಹೆಚ್ಚಿದ ಸೌತೆಕಾಯಿ, ಗಜ್ಜರಿ, ಮೆಂತ್ಯೆ ಸೊಪ್ಪಿನ ಪಚಡಿ. ಬಿಸಿಯಾಗಿಡಬೇಕಾದ ಪಾತ್ರೆಗಳು ಐದು. ಐದನ್ನು ಕಾಯಬಹುದು, ಇಪ್ಪತ್ತಮೂರನ್ನು ಕಾಯಲಾಗದು.

ಪೌಷ್ಟಿಕತೆಯಲ್ಲಿಯೂ ಈ ಊಟ ಬಡವಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರಿನಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರಿನಂಶ 3 ಗ್ರಾಂಗೂ ಕಡಿಮೆ.

ಸಿಹಿ ಎಷ್ಟು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಂದರೆ ಪ್ರತಿ ಪಂಕ್ತಿಯಲ್ಲೂ ಅಂಥವರು ಕೂತಿರುತ್ತಾರೆ. ಅವರ ಎಲೆಗೆ ಮೂರು ಸಿಹಿ ಬಡಿಸಿ, ‘ಇವತ್ತೊಂದು ದಿನ’ ಎಂದು ಒತ್ತಾಯಿಸುವುದು ಉಪಚಾರವಲ್ಲ. ಹುಗ್ಗಿ ಮಾಡಿದ ದಿನ ಕರದಂಟನ್ನು ತಾಂಬೂಲದ ಜೊತೆ ಕಟ್ಟಿಕೊಡಿ. ಎಲೆಯ ಮೇಲೆ ಒಂದೇ ಸಿಹಿ ಇರಲಿ. ‘ಬೆಲ್ಲದ್ದು, ಏನೂ ಆಗುವುದಿಲ್ಲ’ ಎಂದು ಕರದಂಟನ್ನು ಸಕ್ಕರೆ ಕಾಯಿಲೆಯವರಿಗೆ ಬಡಿಸುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಶೇಂಗಾ, ಗೋಡಂಬಿ ಒಗ್ಗದವರೂ ಇರುತ್ತಾರೆ. ಅವು ಯಾವುದರಲ್ಲಿವೆ ಎಂದು ಬಡಿಸುವವರಿಗೆ ತಿಳಿದಿರಲಿ.

ಬೀಗರು ಏನೆಂದಾರು?

‘ಬರೀ ರೊಟ್ಟಿ ಪಲ್ಯ ಹಾಕಿದರೆ ಬೀಗರು ಏನೆಂದಾರು?’ ಎಂದು ಮನೆಯವರು ಕೇಳುತ್ತಾರೆ. ‘ಅವರು ಕೇಳಿದ್ದನ್ನು ನಾವು ಮಾಡುತ್ತೇವೆ’ ಎಂದು ಗುತ್ತಿಗೆದಾರರು ಕೈ ತೊಳೆದುಕೊಳ್ಳುತ್ತಾರೆ. ಇದೇ ಜೋಳದ ರೊಟ್ಟಿ, ಎಣ್ಣೆಗಾಯಿಯನ್ನು ಬೆಂಗಳೂರಿನ ಖಾನಾವಳಿಗಳಲ್ಲಿ ಜನ ಹುಡುಕಿಕೊಂಡು ಹೋಗಿ, ಹಣ ಕೊಟ್ಟು ಉಣ್ಣುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜೋಳವೂ ಆ ಸಾಲಿನಲ್ಲಿತ್ತು. ನಾಚಿಕೆ ಪಡುವಂಥದ್ದು ಇದರಲ್ಲಿ ಏನಿದೆ?

ಗುತ್ತಿಗೆದಾರರಿಗೆ ನನ್ನ ಸಲಹೆ ಇಷ್ಟು. ಮನೆಯವರು ಬರುವ ಮೊದಲೇ ಸಣ್ಣದು, ನಡುವಣದು, ದೊಡ್ಡದು ಎಂದು ಮೂರು ಪಟ್ಟಿ ದರಸಹಿತ ಬರೆದಿಟ್ಟುಕೊಳ್ಳಿ. ದೊಡ್ಡದರಲ್ಲಿಯೂ ಬಿಸಿ ಪದಾರ್ಥ ಎಂಟು ದಾಟದಿರಲಿ. ಬಗೆ ಕಡಿಮೆಯಾದರೆ ಸಂತೆಯ ಖರ್ಚು, ಕೂಲಿ, ಎಲೆಯಲ್ಲಿ ಬಿಡುವ ಅನ್ನ ಎಲ್ಲವೂ ಕಡಿಮೆಯಾಗುತ್ತವೆ. ಉಳಿದ ಹಣವನ್ನು ಶುದ್ಧ ನೀರಿಗೆ, ಒಂದೆರಡು ಹೆಚ್ಚಿನ ಒಲೆಗೆ, ಬಡಿಸುವ ಕೈಗಳಿಗೆ ಹಾಕಿ. ಪ್ರತಿ ಪದಾರ್ಥದ ಮುಂದೆ ಮೂರು ಸಂಗತಿ ಬರೆಯಿರಿ: ಎಷ್ಟು ಹೊತ್ತಿಗೆ ಇಳಿಸಬೇಕು, ಯಾರು ಬಿಸಿ ಕಾಯಬೇಕು, ಎಷ್ಟು ಹೊತ್ತಿಗೆ ಚೆಲ್ಲಬೇಕು. ಒಲೆಯಿಂದ ಇಳಿದು ಬಿಸಿ ಆರಿದ ಪದಾರ್ಥ ಎರಡು ತಾಸು, ಕಡುಬೇಸಿಗೆಯಲ್ಲಿ ಒಂದು ತಾಸು ಮೀರಿದರೆ ಅದನ್ನು ಬಡಿಸಬೇಡಿ. ದಿಬ್ಬಣ ತಡವಾಗುವುದೆಂದು ಗೊತ್ತಾದರೆ ಅನ್ನಕ್ಕೆ ಎಸರು ಇಡುವುದನ್ನೇ ತಡ ಮಾಡಿ. ಅಲ್ಲಿಯವರೆಗೆ ಬಂದವರಿಗೆ ಮಜ್ಜಿಗೆ ಕೊಡಿ. ಕೈಗೆ ಗಾಯವಾದವರನ್ನು, ಭೇದಿಯಾಗುತ್ತಿರುವವರನ್ನು ಅಂದು ಅಡುಗೆಯಿಂದ ದೂರವಿಡಿ.

ಇಂಥ ಪಟ್ಟಿ ಹಿಡಿದು ಮನೆಯವರ ಮುಂದೆ ಕೂತು, ‘ಇಷ್ಟನ್ನು ಚೆನ್ನಾಗಿ ಮಾಡಿಕೊಡುತ್ತೇನೆ, ಉಳಿದದ್ದನ್ನು ಒಪ್ಪಲಾರೆ’ ಎನ್ನುವ ಧೈರ್ಯ ಅಡುಗೆಯವರಿಗೆ ಬರಬೇಕು. ಉಂಡವರು ಎಷ್ಟು ಬಗೆ ಇತ್ತೆಂಬುದನ್ನು ನಾಲ್ಕು ದಿನದಲ್ಲಿ ಮರೆಯುತ್ತಾರೆ. ಉಂಡು ಮಲಗಿದ್ದನ್ನು ಮಾತ್ರ ಮರೆಯುವುದಿಲ್ಲ, ಮುಂದಿನ ಮದುವೆಗೆ ಆ ಅಡುಗೆಯವನನ್ನು ಕರೆಯುವುದೂ ಇಲ್ಲ.