ಪರದೆಯೂ ಕಟ್ಟಿಗೆಯೂ

1960ರಲ್ಲಿ ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫ್‌ನಲ್ಲಿ ನಡೆದ, ಬಾನಿನಲ್ಲಿ ಲಾಗ ಹಾಕುವ ರೇಡಿಯೋ-ನಿಯಂತ್ರಿತ ಮಾದರಿ ವಿಮಾನಗಳ ಪ್ರಥಮ ವಿಶ್ವಸ್ಪರ್ಧೆಯಲ್ಲಿ ಎಡ್ ಕಾಜ್ಮಿರ್‌ಸ್ಕಿಯವರು ‘ಓರಾಯನ್’ ಹಾರಿಸಿ ಗೆದ್ದರು. ಅದರ ನಕ್ಷೆ ಇಂದಿಗೂ ಉಳಿದಿದೆ. ಅಂಥ ವಿಮಾನಗಳನ್ನು ಈಗ ಗಣಕಯಂತ್ರದ ಪರದೆಯ ಮೇಲೂ ಹಾರಿಸುತ್ತಾರೆ.

ಇದು ಬರಿಯ ಹುಡುಗಾಟವೆಂಬುದನ್ನು ನಾನು ಒಪ್ಪಲಾರೆ. ವಿಮಾನವು ನಮ್ಮತ್ತ ಮುಖಮಾಡಿ ಬರುವಾಗ ಅದರ ಬಲವು ನಮಗೆ ಎಡವಾಗುತ್ತದೆ. ಬೆರಳು ಈ ಗೊಂದಲವನ್ನು ಗೆಲ್ಲುವವರೆಗೆ ಪರದೆಯಲ್ಲಿ ನೂರು ಸಲ ಬಿದ್ದರೂ ನಷ್ಟವಿಲ್ಲ. ಆದರೆ ಮುರಿದ ಬಾಲ್ಸಾ ಕಟ್ಟಿಗೆಯ ರೆಕ್ಕೆಯನ್ನು ಅಂಟಿಸಿ ಮರಳಿ ಹಾರಿಸುವ ತಾಳ್ಮೆಯನ್ನು ಪರದೆ ಕಲಿಸದು.

ಆಲಮಟ್ಟಿಯ ಹಿನ್ನೀರಿಗೆ ಮನೆಮಾರು ಬಿಟ್ಟವರಿಗಾಗಿ ಎದ್ದ ನಮ್ಮ ನವನಗರವೂ ಮೊದಲು ಕಾಗದದ ಮೇಲಿನ ನಕ್ಷೆಯೇ. ಇಲ್ಲಿಯ ಶಾಲೆಗಳು ಮಕ್ಕಳಿಗೆ ಪರದೆಯಲ್ಲಿ ಹಾರಾಟ ಕಲಿಸಲಿ. ಬಳಿಕ ಹಳೆಯ ನಕ್ಷೆಯೊಂದನ್ನು ಹರಡಿ, ಕೈಗೆ ಕಟ್ಟಿಗೆ ಕೊಡಲಿ.